ಆಫೀಸಿನ ಸಹಿ, ಜಾಮೀನಿನ ಸಹಿ ಎರಡೂ ಒಂದೇನಾ?

ಪ್ರಶ್ನೆ: ನಾನು ಹುಬ್ಬಳ್ಳಿ ಕಡೆಯವನು, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಭೋಸರಿಯಲ್ಲಿರುವ ಸೋದರಮಾವನ ಮಗ ಸಹಕಾರಿ ಬ್ಯಾಂಕಿನಲ್ಲಿ 6 ಲಕ್ಷ ರೂಪಾಯಿ ಪರ್ಸನಲ್ ಲೋನ್ ತೆಗೆಯುತ್ತಿದ್ದಾನೆ. ‘ಸುಮ್ನೆ ಒಂದು ಸಹಿ ಹಾಕು’ ಎಂದು ಜಾಮೀನು ಕೇಳುತ್ತಿದ್ದಾನೆ. ನಮ್ಮ ಆಫೀಸಿನಲ್ಲೂ ಹೊಸ ಕೋಡ್ ಹೊರಗೆ ಹೋಗಲು ಇಬ್ಬರು ಒಪ್ಪಬೇಕು. ಇದೂ ಹಾಗೇ ಅಲ್ವಾ? ಅವನು ಕಟ್ಟದಿದ್ದರೆ ಮೊದಲು ಅವನನ್ನೇ ಹಿಡಿಯುತ್ತಾರೆ ತಾನೇ? ನನಗೆ ವಾಕಡ್‌ನಲ್ಲಿ ಫ್ಲ್ಯಾಟ್ ಕೊಳ್ಳುವ ಆಸೆಯೂ ಇದೆ.

ಉತ್ತರ: ಎರಡು ಪ್ರಶ್ನೆಗೂ ನನ್ನ ಉತ್ತರ ‘ಇಲ್ಲ’ ಎಂದೇ.

ಆಫೀಸಿನಲ್ಲಿ ನೀವು ಕೋಡ್ ಓದುತ್ತೀರಿ, ಸರಿ ಕಾಣದಿದ್ದರೆ ತಡೆಯುತ್ತೀರಿ. ಒಪ್ಪಿದ ಕೋಡ್ ಮೇಲೆ ಕಂಪನಿ ಹಾಕುವ ಡಿಜಿಟಲ್ ಸಹಿಯ ಕೀ, ಅಂದರೆ ಗುಪ್ತ ಸಂಕೇತ, ಕಳುವಾದರೆ ಆ ಸಹಿಯನ್ನು ಖಾತರಿ ಮಾಡುವ ಸರ್ಟಿಫಿಕೇಟ್ ರದ್ದು ಮಾಡಿಸಬಹುದು. ಅಲ್ಲೂ ಸಹಿಯೊಂದೇ ಕಾಪಾಡುವುದಿಲ್ಲ. 2020ರಲ್ಲಿ ಬಯಲಾದ, ಅಮೆರಿಕದ ಸಾಫ್ಟ್‌ವೇರ್ ಕಂಪನಿ ಸೋಲಾರ್‌ವಿಂಡ್ಸ್‌ನ ಹ್ಯಾಕಿಂಗ್ ಪ್ರಕರಣದಲ್ಲಿ ಕಳ್ಳ ಕೋಡ್ ಸೇರಿದ್ದ ಅಪ್‌ಡೇಟ್ ಮೇಲೆ ಕಂಪನಿಯ ಅಸಲಿ ಡಿಜಿಟಲ್ ಸಹಿಯೇ ಇತ್ತು. ಆದರೂ ನೋಡುವ, ಬೇಡ ಎನ್ನುವ ಹಕ್ಕು ಅಲ್ಲಿ ನಿಮ್ಮ ಕೈಯಲ್ಲಿದೆ.

ಜಾಮೀನಿನಲ್ಲಿ ಆ ಹಕ್ಕು ಇಲ್ಲ, ಹೊಣೆ ಮಾತ್ರ ಇದೆ. ಅವನು ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಿದ ಎಂದು ನಿಮಗೆ ಯಾರೂ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಬರೆಯದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕು ಎಂಬ ನಿಯಮವಿಲ್ಲ. ಸುಪ್ರೀಂ ಕೋರ್ಟ್ 1969ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಬ್ಯಾಂಕ್ ಮಹಾರಾಷ್ಟ್ರದ ಸಹಕಾರ ಕಾಯ್ದೆಯಲ್ಲಿ ನೋಂದಾಯಿಸಿದ್ದರೆ ಇನ್ನೂ ಬಿಗಿ. ಆ ಕಾಯ್ದೆಯ 101ನೇ ಕಲಂನಲ್ಲಿ ಬ್ಯಾಂಕ್ ಸಿವಿಲ್ ಕೋರ್ಟಿಗೆ ಹೋಗದೆ ಸಹಕಾರ ಸಂಘಗಳ ಸರ್ಕಾರಿ ಅಧಿಕಾರಿಯಾದ ರಿಜಿಸ್ಟ್ರಾರ್ ಕಡೆಯಿಂದಲೇ ವಸೂಲಿ ಪತ್ರ, ಅಂದರೆ ಬಾಕಿ ವಸೂಲು ಮಾಡುವ ಆದೇಶ, ಪಡೆಯಬಹುದು. ಕೊಟ್ಟಾಗಿರುವ ಸಾಲಕ್ಕೆ ಹಾಕಿದ ಜಾಮೀನನ್ನು ನೀವೊಬ್ಬರೇ ಮನಸ್ಸು ಬದಲಿಸಿ ಹಿಂದೆ ತೆಗೆದುಕೊಳ್ಳಲೂ ಆಗುವುದಿಲ್ಲ. ನೀವು ಕಟ್ಟಿದ್ದನ್ನು ಅವನಿಂದ ವಸೂಲು ಮಾಡುವ ಹಕ್ಕು ಕಾನೂನಿನಲ್ಲಿ ಇದೆ, ನಿಜ. ಆದರೆ ಮಾವನ ಮಗನ ಮೇಲೆ ಕೇಸ್ ಹಾಕಿ ಹಬ್ಬಕ್ಕೆ ಊರಿಗೆ ಹೋಗುವುದು ಹೇಗೆ?

ಫ್ಲ್ಯಾಟ್ ವಿಷಯಕ್ಕೆ ಬರೋಣ. ಜಾಮೀನು ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲೂ ಕಾಣಬಹುದು. ಅವನ ಕಂತು ತಪ್ಪಿದರೆ ನಿಮ್ಮ ಹೋಮ್ ಲೋನ್‌ಗೆ ಅಡ್ಡಿಯಾಗಬಹುದು.

ಆದ್ದರಿಂದ ಹೀಗೆ ಯೋಚಿಸಿ: 6 ಲಕ್ಷವನ್ನೂ ಬಡ್ಡಿಯನ್ನೂ ನೀವೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲಿರಾ? ಆಗದಿದ್ದರೆ ಸಹಿ ಬೇಡ. ಆಗುತ್ತದೆ ಎಂದರೂ ಸಾಲದ ಬಡ್ಡಿ, ಶುಲ್ಕ, ಮುಖ್ಯ ಷರತ್ತುಗಳನ್ನು ಚಿಕ್ಕದಾಗಿ ಹೇಳುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೇಳಿ ಓದಿ. 2024ರ ಅಕ್ಟೋಬರ್ 1ರಿಂದ ಹೊಸ ಪರ್ಸನಲ್ ಲೋನ್‌ಗಳಿಗೆ ಸಾಲಗಾರನಿಗೆ ಅದನ್ನು ಕೊಡಲೇಬೇಕು. ಕರಾರಿನ ಪ್ರತಿ ನಿಮ್ಮ ಬಳಿಯೂ ಇರಲಿ. ಕಂತು ತಪ್ಪಿದ ತಕ್ಷಣ ನಿಮಗೂ ತಿಳಿಸಬೇಕು ಎಂದು ಬ್ಯಾಂಕಿಗೆ ಲಿಖಿತವಾಗಿ ಕೇಳಿ. ಖಾಲಿ ಜಾಗ ಬಿಟ್ಟ ಫಾರ್ಮ್ ಮೇಲೆ ಮಾತ್ರ ಸಹಿ ಹಾಕಲೇಬೇಡಿ.

ಬೇಡ ಅನ್ನಿಸಿದರೆ, ಬ್ಯಾಂಕಿಗೆ ಕಾಗದ ಹೋಗುವ ಮುಂಚೆಯೇ ಅವನಿಗೆ ನೇರವಾಗಿ ಹೇಳಿ. ವಾಪಸ್ ಬಾರದಿದ್ದರೂ ನೀವು ತಡೆದುಕೊಳ್ಳುವಷ್ಟು ಹಣವನ್ನು ಕೈಯಾರೆ ಕೊಡಿ. ಉಳಿದದ್ದಕ್ಕೆ ಚಿನ್ನದ ಸಾಲ ನೋಡಬಹುದು, ಅದಕ್ಕೆ ಸಾಮಾನ್ಯವಾಗಿ ಜಾಮೀನುದಾರ ಬೇಕಾಗುವುದಿಲ್ಲ.