ಪ್ಯಾಕೇಜ್ ಫ್ರೀಜ್ ಆದಮೇಲೆ ಇನ್‌ಸ್ಟಾಲರ್ ಶುರು ಮಾಡಬಹುದಾ?

ತುಮಕೂರಿನ ಕಾಲೇಜು ಲ್ಯಾಬಿಗೆ ಡೆಬಿಯನ್ ಆಧಾರಿತ ಡಿಸ್ಟ್ರೋ (ಲಿನಕ್ಸ್ ಆವೃತ್ತಿ), ಆಗಸ್ಟ್ 1ಕ್ಕೆ ಬಿಡುಗಡೆ, ಪ್ಯಾಕೇಜ್ ಫ್ರೀಜ್ ಆದಮೇಲೆ, ಅಂದರೆ ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಬದಲಾವಣೆ ನಿಲ್ಲಿಸಿದ ಮೇಲೆ, ಇನ್‌ಸ್ಟಾಲರ್ ಕೆಲಸ ಜುಲೈಗೆ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಬೇಡ ಸರ್, ತಡವಾಗುತ್ತೆ.

ಇನ್‌ಸ್ಟಾಲರ್‌ನ ಪಾರ್ಟಿಷನ್ (ಡಿಸ್ಕ್ ಭಾಗ ಮಾಡುವ) ಪುಟದಂಥ ಕಡೆಯ ಬದಲಾವಣೆಗಳು ಮೇ ಕೊನೆಗೆ ನಿಲ್ಲಲಿ. ಪರದೆಯ ಮೇಲಿನ ಮಾತುಗಳೂ ಆಗಲೇ ಅಂತಿಮವಾಗಬೇಕು, ಇಲ್ಲದಿದ್ದರೆ ಕನ್ನಡ ಅನುವಾದ ಅರ್ಧಂಬರ್ಧ. ಜೂನ್‌ನಿಂದ ವಾರಕ್ಕೊಂದು ಐಎಸ್‌ಒ (ಇನ್‌ಸ್ಟಾಲ್ ಮಾಡಲು ಬಳಸುವ ಡಿಸ್ಕ್ ಇಮೇಜ್ ಫೈಲ್) ಬರಲಿ.

ನಿಜವಾದ ತಲೆನೋವು ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು. ನೆಟ್‌ಬೂಟ್ (ನೆಟ್‌ವರ್ಕ್‌ನಿಂದ ಇನ್‌ಸ್ಟಾಲ್ ಮಾಡುವ) ಇಮೇಜ್‌ನಲ್ಲೇ ಕರ್ನಲ್ ಇರುತ್ತೆ, ಡಿಸ್ಕ್ ಡ್ರೈವರ್‌ನಂಥ ಮಾಡ್ಯೂಲ್‌ಗಳು ಮಾತ್ರ ಯುಡೆಬ್ (ಇನ್‌ಸ್ಟಾಲರ್‌ಗೆಂದೇ ಇರುವ ಚಿಕ್ಕ ಪ್ಯಾಕೇಜ್) ರೂಪದಲ್ಲಿ ಮಿರರ್‌ನಿಂದ, ಅಂದರೆ ಪ್ಯಾಕೇಜ್‌ಗಳ ನಕಲು ಇಟ್ಟಿರುವ ಸರ್ವರ್‌ನಿಂದ, ಬರುತ್ತವೆ. ಮಿರರ್‌ನಲ್ಲಿ ಕರ್ನಲ್‌ನ ಎಬಿಐ (ಮಾಡ್ಯೂಲ್‌ಗಳು ಕರ್ನಲ್‌ಗೆ ಹೊಂದಿಕೊಳ್ಳುವ ರೀತಿ) ಬದಲಾಗಿ ಹಳೇ ಯುಡೆಬ್ ಹೋಯಿತೋ, ಮಾಡ್ಯೂಲ್ ಸಿಗಲಿಲ್ಲ ಅಂತ ಇನ್‌ಸ್ಟಾಲರ್ ಅಲ್ಲೇ ನಿಲ್ಲುತ್ತೆ. ಜನ ಡಿಸ್ಕ್ ಕೆಟ್ಟಿದೆ ಅಂದ್ಕೊಳ್ತಾರೆ! ಹಾಗಾಗಿ ಮೊದಲು ಕರ್ನಲ್ ಫ್ರೀಜ್, ಆಮೇಲೆ ಇನ್‌ಸ್ಟಾಲರ್ ರೀಬಿಲ್ಡ್, ಕೊನೆಗೆ ಐಎಸ್‌ಒ. ನಡುವೆ ಸೆಕ್ಯುರಿಟಿ ಕರ್ನಲ್ ಬಂದರೆ ಮೂರೂ ಮತ್ತೆ ಮಾಡಬೇಕು. ಅದಕ್ಕೆಂದೇ 10 ದಿನ ಖಾಲಿ ಬಿಡಿ. ಡೆಬಿಯನ್ 12ಕ್ಕೇ 2023ರ ಮಾರ್ಚ್ 12ರ ಹಾರ್ಡ್ ಫ್ರೀಜ್‌ನಿಂದ ಜೂನ್ 10ರ ಬಿಡುಗಡೆವರೆಗೆ ಸುಮಾರು ಮೂರು ತಿಂಗಳು ಹಿಡಿಯಿತು.

ವರ್ಚುವಲ್ ಮಷೀನ್ ಪರೀಕ್ಷೆ ಸಾಲದು. ಲ್ಯಾಬಿನ ಒಂದು ಹಳೇ ಬಯೋಸ್ ಮಷೀನ್, ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೌಲಭ್ಯ) ಆನ್ ಇರುವ ಒಂದು ಯುಇಎಫ್ಐ (ಬಯೋಸ್ ಬದಲಿಗೆ ಬಂದ ಹೊಸ ವ್ಯವಸ್ಥೆ) ಮಷೀನ್, ವಿಂಡೋಸ್ ಇರುವ ಇನ್ನೊಂದು ಬೇಕು. ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ. ಕರೆಂಟ್ ತೆಗೆಯೋ ಕೆಲಸ ನಿಮಗೆ ಬೇಡ, ಅದು ತಾನಾಗೇ ಹೋಗುತ್ತೆ.