ಕಂಸದ ಸೆರೆಯಲ್ಲಿ ಭಾಗವತರು

ಡೊಂಬಿವಲಿಯ ಬರಹಗಾರ್ತಿಗೆ,

ನಮಸ್ಕಾರ. ನೀವು ನಮ್ಮ ಪತ್ರಿಕೆಗೆ ಕಳಿಸಿದ ‘ನನ್ನ ಬದುಕಿನ ಐದು ರಾಕ್ ಆಲ್ಬಂಗಳು’ ಕೈಸೇರಿ ಮೂರು ವಾರವಾಯಿತು. ಮೊದಲ ದಿನವೇ ‘ವಿಷಾದವಿದೆ’ ಎಂದು ಎರಡು ಸಾಲು ಗೀಚಿ ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ. ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಲೋಕಲಿನಲ್ಲಿ ಎರಡು ಸಲ ಓದಿದೆ, ಎರಡು ಸಲವೂ ಸಿಟ್ಟು ಬಂತು. ಕೆಟ್ಟ ಲೇಖನಕ್ಕೆ ನನಗೆ ಸಿಟ್ಟು ಬರುವುದಿಲ್ಲ, ನಿದ್ದೆ ಬರುತ್ತದೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದೀತು.

ಮೊದಲು ಒಳ್ಳೆಯದನ್ನು ಹೇಳಿ ಮುಗಿಸುತ್ತೇನೆ. ಕಾಗುಣಿತ ಶುದ್ಧವಾಗಿದೆ. ಅಕಾರ ಹಕಾರ ಜಗಳವಾಡಿಲ್ಲ. ಮುಂಬಯಿಯಲ್ಲೇ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಕಲಿತು, ಮರಾಠಿ ನೆರೆಕರೆಯ ನಡುವೆ ಬೆಳೆದವರು ಇಷ್ಟು ಕನ್ನಡ ಬರೆಯುವುದು ನಮ್ಮ ಟಪಾಲಿನಲ್ಲಿ ಅಪರೂಪ. ಸಂತೋಷ.

ಇನ್ನು ನಿಮ್ಮ ಮೊದಲ ಸಾಲು: ‘ನೆನಪಿನ ಬುತ್ತಿ ಬಿಚ್ಚಿದಾಗ ಸುಮಧುರ ಕ್ಷಣಗಳು ಕಣ್ಮುಂದೆ ಸಾಲುಗಟ್ಟುತ್ತವೆ.’

ಬುತ್ತಿಯ ವಿಷಯ ನನ್ನ ಹತ್ತಿರ ಬೇಡ ಮಾರಾಯ್ರೆ. ಊರಿಂದ ಬಂದ ಹೊಸತರಲ್ಲಿ ಎರಡು ವರ್ಷ ಹೋಟೆಲಿನ ಮೋರಿಯಲ್ಲಿ ಕೂತು ಡಬ್ಬ ತೊಳೆದವನು ನಾನು. ಬುತ್ತಿ ಬಿಚ್ಚಿದರೆ ಮೊದಲು ತಿಳಿಯುವುದು ಮೂಗಿಗೆ. ನಿನ್ನೆಯ ಸಾಂಬಾರೋ, ಹುಳಿಬಂದ ಮಜ್ಜಿಗೆಯೋ, ಯಾರದೋ ಮನೆಯ ಒಣಮೀನಿನ ಚಟ್ನಿಯೋ ಕಣ್ಣು ಮುಚ್ಚಿ ಹೇಳಬಹುದಿತ್ತು. ನಿಮ್ಮ ಬುತ್ತಿಯೊಳಗೆ ಏನಿತ್ತು? ಕ್ಷಣಗಳು. ಅವು ಸಾಲುಗಟ್ಟಿದವು. ಬುತ್ತಿಯಿಂದ ಹೊರಗೆ ಬಂದು ಸಾಲುಗಟ್ಟುವುದು ಇರುವೆ ಮಾತ್ರ.

ಇಲ್ಲಿಗೇ ನಿಲ್ಲಿಸಿದ್ದರೆ ಮೊದಲ ಸಾಲು ತಾನೇ ಎಂದು ಬಿಡುತ್ತಿದ್ದೆ. ಎರಡನೇ ಪುಟದಲ್ಲಿ ಪಿಂಕ್ ಫ್ಲಾಯ್ಡ್ ತಂಡ ಬಂತು. ‘ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ನೀವು ಬರೆದ ವಾಕ್ಯದ ಕೆಳಗೆ ನಾನು ಕೆಂಪು ಗೆರೆ ಎಳೆದಿದ್ದೇನೆ, ಕಾಗದ ಹರಿಯುವಷ್ಟು: ‘ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹರಿಯುವ ಅದ್ಭುತ ಯಾನ.’

ಅದೇ ಪುಟದಲ್ಲಿ, ನಾಲ್ಕು ಸಾಲು ಮೇಲೆ, ಕಾಳಾ ಘೋಡಾದ ರಿದಂ ಹೌಸ್ ಅಂಗಡಿಯಲ್ಲಿ ಕಂಪನಿ ಕ್ಯಾಸೆಟ್ ಕೊಂಡೆ ಎಂದಿದ್ದೀರಿ. ಕ್ಯಾಸೆಟ್ಟಿಗೆ ಎರಡು ಬದಿ. ಮೊದಲ ಬದಿ ಮುಗಿಯುವುದು ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಎಂಬಲ್ಲಿ. ಕ್ಲೇರ್ ಟೋರಿ ಎಂಬಾಕೆ ಒಂದು ಪದವೂ ಇಲ್ಲದೆ ಬರೀ ಕಂಠದಲ್ಲಿ ಹಾಡಿದ್ದು, ಆಮೇಲೆ ಪಿಯಾನೋ ತಗ್ಗುತ್ತ ತಗ್ಗುತ್ತ ನಿಲ್ಲುತ್ತದೆ. ಅಲ್ಲಿಂದ ಟೇಪು ಉಸ್ಸೆನ್ನುತ್ತ ಓಡಿ ಟಕ್ ಎಂದು ಬಟನ್ ಮೇಲೇಳುತ್ತದೆ. ಯಾರಾದರೂ ಎದ್ದು ಹೋಗಿ ಕ್ಯಾಸೆಟ್ ತಿರುಗಿಸಿ ಹಾಕಿದರೆ ಉಂಟು, ಇಲ್ಲವಾದರೆ ಎರಡನೇ ಬದಿಯ ಮೊದಲ ಹಾಡು ‘ಮನಿ’ ಇಲ್ಲ. ಎಲ್ಲಿಯ ಒಂದೇ ಉಸಿರು? ತೊಂಬತ್ತು ನಿಮಿಷದ ಖಾಲಿ ಟೇಪಿಗೆ ತುಂಬಿಸಿಕೊಂಡಿದ್ದರೆ ಒಪ್ಪುತ್ತಿದ್ದೆ. ಒಂದು ಬದಿಗೆ 45 ನಿಮಿಷ, ಆಲ್ಬಂ ಸುಮಾರು 43. ನಿಮ್ಮದು ಅದಲ್ಲವಲ್ಲ. ಆ ವಾಕ್ಯ ನಿಮ್ಮ ಕಿವಿ ಬರೆದದ್ದಲ್ಲ. ಯಾರೋ ಸೀಡಿ ಕೇಳಿ ಬರೆದದ್ದನ್ನು ನೀವು ಓದಿ, ನಿಮ್ಮ ನೆನಪು ಎಂದುಕೊಂಡಿರಿ.

ನನಗೆ ಬೇಕಿದ್ದದ್ದು ಆ ಟಕ್. ಯಾರು ಎದ್ದರು? ಚಾಳಿನ ಹತ್ತಡಿ ಕೋಣೆಯಲ್ಲಿ ಟೇಪ್ ರೆಕಾರ್ಡರ್ ಎಲ್ಲಿಟ್ಟಿದ್ದಿರಿ? ಎದ್ದು ಹೋಗುವಾಗ ಯಾರ ಕಾಲು ದಾಟಬೇಕಿತ್ತು?

ಈ ಆಲ್ಬಂ 1973ರಲ್ಲಿ ಬಂತು, 1988ರವರೆಗೆ ಅಮೆರಿಕದ ಪಟ್ಟಿಯಲ್ಲಿ 741 ವಾರ ಇತ್ತು ಎಂದು ಬರೆದಿದ್ದೀರಿ. ಇತ್ತು, ಸರಿ. ನಿಮ್ಮ ಮನೆಯಲ್ಲಿ ಎಷ್ಟು ವಾರ ಇತ್ತು? ಅಪ್ಪ ಶನಿಪೂಜೆಗೆ ಹೋದಾಗ ಮಾತ್ರ ಟೇಪ್ ನಿಮ್ಮ ಕೈಗೆ ಬರುತ್ತಿತ್ತು ಎಂದು ಅರ್ಧ ವಾಕ್ಯದಲ್ಲಿ ಹೇಳಿ ಓಡಿಬಿಟ್ಟಿರಿ. ವಾರಕ್ಕೊಂದು ಶನಿವಾರ, ಭಜನೆ ಮುಗಿದು ಪ್ರಸಾದ ಹಿಡಿದು ಅಪ್ಪ ಮೆಟ್ಟಿಲು ಹತ್ತುವವರೆಗೆ. ಆ ಲೆಕ್ಕ ಮುಖ್ಯ, 741 ಅಲ್ಲ.

ಇನ್ನೊಂದು. ಅಪ್ಪ ಫೋರ್ಟಿನ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು ಎಂದಿದ್ದೀರಿ. ‘ಮನಿ’ ಹೇಗೆ ಶುರುವಾಗುತ್ತದೆ? ಚಿಲ್ಲರೆ ಸುರಿಯುವ ಸದ್ದು, ಗಲ್ಲಾಪೆಟ್ಟಿಗೆ ತೆರೆಯುವ ಸದ್ದು, ಕಾಗದ ಹರಿಯುವ ಸದ್ದು, ಅದೇ ತಾಳವಾಗಿ ಸುತ್ತುತ್ತದೆ. ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಅಪ್ಪ ಕೇಳಿ ಬಂದ ಸದ್ದನ್ನು ಮಗಳು ಮನೆಯಲ್ಲಿ ಹಾಡೆಂದು ಕೇಳುತ್ತಿದ್ದಾಳೆ. ಇದು ನಿಮ್ಮ ಗಮನಕ್ಕೆ ಬಂದಿಲ್ಲ ಎಂದು ನಂಬಲಾರೆ. ಬರೆಯುವಂಥದ್ದಲ್ಲ ಅಂದುಕೊಂಡಿರಿ, ಅಷ್ಟೆ. ಬದಲಿಗೆ ‘ಸೂಪರ್ ಬೀಟ್’ ಎಂದಿರಿ.

ನಾನು ರಾಕ್ ಕೇಳಿ ಬೆಳೆದವನಲ್ಲ. ನಮ್ಮ ಪ್ರೆಸ್ಸು ಗಿರಗಾಂವ್ ದಾಟಿ ಧೋಬಿ ತಲಾವ್ ಕಡೆಯ ಒಂದು ಗಲ್ಲಿಯಲ್ಲಿತ್ತು. ಅಲ್ಲೇ ಹತ್ತಿರ ರಂಗಭವನ, ಬಯಲು ರಂಗಮಂದಿರ. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಉತ್ಸವ ಶುರುವಾದದ್ದು ಅಲ್ಲಿ. ಕರಿ ಟೀ ಶರ್ಟಿನ ಹುಡುಗರು ಗೋಡೆಯುದ್ದಕ್ಕೂ ಸಾಲು ನಿಲ್ಲುತ್ತಿದ್ದರು, ನಾನು ಪ್ರೂಫಿನ ಮೇಲೆ ಬಗ್ಗಿ ಬೈದುಕೊಳ್ಳುತ್ತಿದ್ದೆ. ಸುತ್ತ ಆಸ್ಪತ್ರೆಗಳಿರುವ ಜಾಗ, ಕೊನೆಗೆ ಸದ್ದಿನ ನಿಯಮ ಬಂದು ಸಂಗೀತ ಕಛೇರಿಗಳೆಲ್ಲ ನಿಂತಾಗ ನನಗೇನೂ ಬೇಸರವಾಗಲಿಲ್ಲ. ಅಂಥವನು ನಿಮ್ಮ ಲೇಖನದ ದೆಸೆಯಿಂದ ಅಳಿಯನ ಮೊಬೈಲಿನಲ್ಲಿ ‘ಮನಿ’ ಹಾಕಿಸಿಕೊಂಡು ಕುರ್ಲಾದಿಂದ ಠಾಣೆಯವರೆಗೆ ತೊಡೆ ತಟ್ಟುತ್ತ ಕೂತೆ. ಏಳು! ನಮ್ಮ ಯಕ್ಷಗಾನದ ತ್ರಿವುಡೆ ತಾಳದ ಏಳು. ನಡುವೆ ಗಿಟಾರ್ ಒಂಟಿಯಾಗಿ ಹೊರಟಲ್ಲಿ ನನ್ನ ಕೈ ತಪ್ಪಿತು. ಅಳಿಯ ಹೇಳಿದ, ಅಲ್ಲಿ ನಾಲ್ಕಕ್ಕೆ ಹೋಗಿ ಮತ್ತೆ ಏಳಕ್ಕೆ ಬರುತ್ತಾರಂತೆ. ಎದುರು ಕೂತ ಗುಜರಾತಿ ಹೆಂಗಸು ನನ್ನನ್ನು ಒಂದು ತರ ನೋಡಿ ಚೀಲ ಹತ್ತಿರ ಎಳೆದುಕೊಂಡಳು. ತಾಳಮದ್ದಳೆಯ, ವೇಷ ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನದ, ಮನೆಯಲ್ಲಿ ಬೆಳೆದ ನಿಮ್ಮ ಕಿವಿಗೆ ಅದು ಮೊದಲ ಶನಿವಾರವೇ ಸಿಕ್ಕಿರಬೇಕು. ಬೀಟ್ ಅಂತೆ, ಸೂಪರ್ ಅಂತೆ.

‘ಅದ್ಭುತ’ ನಿಮ್ಮ ಲೇಖನದಲ್ಲಿ ಹದಿನಾಲ್ಕು ಸಲ ಬಂದಿದೆ. ಎಣಿಸಿದ್ದೇನೆ.

ಎಣಿಸುವ ಚಟ ನನಗೆ ಹತ್ತಿದ್ದು ಹೇಗೆಂದು ಹೇಳಬೇಕು. ರಾತ್ರಿ ಶಾಲೆ ಮುಗಿಸಿ ಪ್ರೆಸ್ಸಿಗೆ ಸೇರಿದ ವರ್ಷ ನಾನೂ ಒಂದು ಲೇಖನ ಬರೆದೆ. ಊರಿನ ದೀಪಾವಳಿ, ಅಮ್ಮ, ಗದ್ದೆಗೆ ದೀಪ ಇಡುವುದು. ನಮ್ಮ ಹಳೆಯ ಸಂಪಾದಕರಿಗೆ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು.

“ದೀಪಾವಳಿ ಯಾವತ್ತು ಬರುವುದು?”

“ಅಮಾಸೆಗೆ.”

“ಮತ್ತೆ ಇಲ್ಲಿ ಹಾಲು ಚೆಲ್ಲಿದ ಬೆಳದಿಂಗಳು ಅಂತ ಬರೆದಿದ್ದಿಯಲ್ಲ? ಚಂದಮಾಮ ಆದರೇನು, ಕರೆಯದ ದಿವಸ ಬರುತ್ತಾನಾ?”

ಬೈಯಲಿಲ್ಲ. ನೀನೇ ಜೋಡಿಸು ಎಂದು ಮೊಳೆ ಜೋಡಿಸುವ ಸ್ಟಿಕ್ಕು ಕೈಗೆ ಕೊಟ್ಟರು. ಅಚ್ಚುಮೊಳೆಯ ಕಾಲ ಅದು. ಒಂದೊಂದು ಅಕ್ಷರಕ್ಕೂ ಕೈ ಮೊಳೆಯ ಖಾನೆಗಳ ಕೇಸಿಗೆ ಹೋಗಿ ಬರಬೇಕು. ‘ಅತ್ಯದ್ಭುತ’ ಎಂದು ಬಾಯಲ್ಲಿ ಹೇಳುವುದು ಸುಲಭ. ಕೈಗೆ ಅದು ಅ, ತ, ಯ ಒತ್ತು, ದು, ಅದರ ಕೆಳಗೆ ಭ ಒತ್ತು, ಮತ್ತೆ ತ. ನಮ್ಮ ಕೇಸಿನಲ್ಲಿ ಭ ಒತ್ತಿನ ಮೊಳೆ ಇದ್ದದ್ದೇ ನಾಲ್ಕೋ ಐದೋ. ಎರಡನೇ ಪ್ಯಾರಾ ಮುಗಿಯುವ ಮೊದಲೇ ಖಾಲಿ. ಮುಂದಿನ ಅದ್ಭುತಕ್ಕೆ ಏನು ಮಾಡುವುದು ಎಂದು ಕೇಳಲು ಹೋದರೆ ಅವರು ಚಹಾ ಕುಡಿಯುತ್ತ, “ಅಲ್ಲಿ ನಿಜಕ್ಕೂ ಏನಿತ್ತೋ ಅದನ್ನು ಹಾಕು” ಎಂದರು. ಅಲ್ಲಿ ಇದ್ದದ್ದು ಕತ್ತಲೆ. ಸೊಡರಿನ ಎಣ್ಣೆ ಮುಗಿದು ಅಮ್ಮ ನನ್ನನ್ನು ಅಂಗಡಿಗೆ ಓಡಿಸಿದ್ದು, ಅಂಗಡಿಯವನು ಹಳೆಯ ಬಾಕಿ ಕೇಳಿದ್ದು. ಅದನ್ನು ಜೋಡಿಸುವಾಗ ಮೊಳೆಗೆ ಕೊರತೆಯಾಗಲಿಲ್ಲ. ಬೆರಳ ತುದಿಯ ಸೀಸದ ಕಪ್ಪು ಎರಡು ದಿನ ಹೋಗಲಿಲ್ಲ, ಹೋಟೆಲಿನ ಹಳೆಯ ಗೆಳೆಯರು ಏನೋ ರೋಗ ಅಂದುಕೊಂಡರು.

ಈಗ ಕಂಪ್ಯೂಟರು. ಭ ಒತ್ತು ಎಷ್ಟು ಬೇಕಾದರೂ ಸಿಗುತ್ತದೆ. ನಿಮ್ಮ ತಪ್ಪಲ್ಲ.

ಸರಿ, ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಮೂರನೇ ಪುಟ, ನಿರ್ವಾಣ ತಂಡದ ‘ನೆವರ್‌ಮೈಂಡ್’. ಸೆಪ್ಟೆಂಬರ್ 1991ರಲ್ಲಿ ಬಿಡುಗಡೆ, ನೀರೊಳಗೆ ಡಾಲರ್ ನೋಟಿನ ಹಿಂದೆ ಈಜುವ ಕೂಸಿನ ಮುಖಪುಟ, ‘ಇಡೀ ಪೀಳಿಗೆಯ ದನಿ’ ಇತ್ಯಾದಿ ಹನ್ನೊಂದು ಸಾಲು. ಆಮೇಲೆ ಕಂಸದೊಳಗೆ ಇದು:

‘(ದುಡ್ಡಿಲ್ಲದೆ, ಗೆಳತಿಯ ಕ್ಯಾಸೆಟ್ಟನ್ನು ಅಪ್ಪನ ತಾಳಮದ್ದಳೆ ಕ್ಯಾಸೆಟ್ಟಿನ ಮೇಲೆ ಕಾಪಿ ಮಾಡಿಕೊಂಡಿದ್ದೆ. ಬದಿಯ ಕೊನೆಗೆ ಭಾಗವತರ ದನಿ ಉಳಿದಿತ್ತು.)’

ಕಂಸ ಮುಚ್ಚಿದಿರಿ. ‘ಬನ್ನಿ, ಮುಂದಿನ ಆಲ್ಬಂ ನೋಡೋಣ.’

ಏನು ನೋಡುವುದು? ಹುಟ್ಟಬೇಕಾದ ಕೂಸನ್ನು ಕಂಸನ ಸೆರೆಯಲ್ಲಿಟ್ಟು ಊರು ತೋರಿಸಲು ಕರೆಯುತ್ತೀರಲ್ಲ! ಮುಲುಂಡ್ ಸ್ಟೇಷನ್ ಬಂದದ್ದು ನನಗೆ ತಿಳಿಯಲಿಲ್ಲ, ಆ ಎರಡು ಸಾಲಿನಲ್ಲೇ ಇದ್ದೆ.

ಒಂದೊಂದಾಗಿ ಕೇಳುತ್ತೇನೆ. ‘ದುಡ್ಡಿಲ್ಲದೆ’. ಎಷ್ಟಿತ್ತು, ಎಷ್ಟು ಬೇಕಿತ್ತು? ‘ಗೆಳತಿಯ’. ಎರಡು ಡೆಕ್ಕಿನ ಟೇಪ್ ಅವಳ ಮನೆಯದೋ? ಅಲ್ಲಿಗೆ ಅಪ್ಪನ ಕ್ಯಾಸೆಟ್ ಹೇಗೆ ಸಾಗಿಸಿದಿರಿ, ಶಾಲೆಯ ಚೀಲದಲ್ಲೋ? ‘ಅಪ್ಪನ ತಾಳಮದ್ದಳೆ ಕ್ಯಾಸೆಟ್’. ಅಂಗಡಿಯಲ್ಲಿ ಸಿಗುವುದೋ, ಸಭಾಗೃಹದಲ್ಲಿ ಅಪ್ಪನೇ ಮುಂದಿನ ಸಾಲಿನಲ್ಲಿ ಟೇಪ್ ಹಿಡಿದು ಕೂತು ತುಂಬಿಸಿಕೊಂಡದ್ದೋ? ಮೊದಲನೆಯದಾದರೆ ನಷ್ಟ ನಲವತ್ತೋ ಐವತ್ತೋ ರೂಪಾಯಿ. ಎರಡನೆಯದಾದರೆ ಆ ರಾತ್ರಿಯ ಮಾತು, ಪಾತ್ರವಾಗಿ ಮಾತಾಡುವ ಆ ಅರ್ಥಧಾರಿಗಳ ವಾದ, ಲೋಕದಲ್ಲಿ ಇನ್ನೆಲ್ಲೂ ಇಲ್ಲ.

ಆಮೇಲೆ ‘ಕಾಪಿ ಮಾಡಿಕೊಂಡಿದ್ದೆ’. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪ್ಲಾಸ್ಟಿಕ್ ಹಲ್ಲು ಇರುತ್ತಿದ್ದವು, ಅಳಿಸಿ ಹೋಗಬಾರದೆನ್ನುವವರು ಅವನ್ನು ಮುರಿದಿಡುತ್ತಿದ್ದರು. ಗಲ್ಲೆಯಲ್ಲಿ ಕೂತು ಪೈಸೆ ಪೈಸೆ ಎಣಿಸುವ ನಿಮ್ಮಪ್ಪ ಮುರಿಯದೆ ಬಿಟ್ಟಿರಲಾರರು. ಮುರಿದಿದ್ದರೆ ಆ ತೂತಿಗೆ ಸೆಲೋಟೇಪು ಅಂಟಿಸಿದ ಹೊರತು ರೆಕಾರ್ಡ್ ಬಟನ್ ಕೆಳಗಿಳಿಯುವುದಿಲ್ಲ. ಅಂದರೆ ಇದು ಕೈತಪ್ಪಿ ಆದ ಕೆಲಸವಲ್ಲ. ನೀವು ಕತ್ತರಿ ಹುಡುಕಿದ್ದೀರಿ, ಸೆಲೋಟೇಪು ಕತ್ತರಿಸಿದ್ದೀರಿ, ಅಳತೆ ನೋಡಿ ಅಂಟಿಸಿದ್ದೀರಿ. ಆ ಹೊತ್ತು ನಿಮ್ಮ ಮನಸ್ಸಿನಲ್ಲಿ ಏನಿತ್ತು? ಅದನ್ನು ಬರೆಯಲು ಧೈರ್ಯ ಸಾಲದೆ ಪೀಳಿಗೆಯ ದನಿ ಎಂದಿರಿ. ನಾನಾದರೂ ಹಾಗೇ ಬೆಳದಿಂಗಳು ಚೆಲ್ಲಿದ್ದು, ಅಂಗಡಿಯ ಬಾಕಿ ಮುಚ್ಚಲಿಕ್ಕೆ.

‘ಬದಿಯ ಕೊನೆಗೆ ಭಾಗವತರ ದನಿ’. ಅರವತ್ತು ನಿಮಿಷದ ಟೇಪು, ಬದಿಗೆ ಮೂವತ್ತು ಎಂದಿಟ್ಟುಕೊಳ್ಳಿ. ಎರಡನೇ ಬದಿಯ ಆರು ಹಾಡು ಇಪ್ಪತ್ತು ನಿಮಿಷ ತುಂಬುವುದಿಲ್ಲ. ಕೊನೆಯ ‘ಸಮ್‌ಥಿಂಗ್ ಇನ್ ದ ವೇ’, ತಂಡದ ಗಾಯಕ ಕರ್ಟ್ ಕೊಬೈನ್ ಪಿಸುಗುಟ್ಟಿದಂತೆ ಹಾಡಿದ್ದು, ಹಿಂದೆ ಚೆಲ್ಲೋ. ಅದು ಮುಗಿದ ಮೇಲೆ ಹತ್ತು ನಿಮಿಷ ಟೇಪು ಉಳಿಯುತ್ತದೆ. ಅಳಿಯ ಹೇಳಿದ: ಸೀಡಿಯ ಬಹಳಷ್ಟು ಪ್ರತಿಗಳಲ್ಲಿ ಆ ಜಾಗದಲ್ಲಿ ಹತ್ತು ನಿಮಿಷದಷ್ಟು ಮೌನ, ಆಮೇಲೆ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಹಾಡು ಧಡಾರನೆ ಬೀಳುತ್ತದಂತೆ. ಜಗತ್ತಿಗೆಲ್ಲ ಹಾಗೆ. ಡೊಂಬಿವಲಿಯ ಒಂದು ಚಾಳಿನಲ್ಲಿ ಮಾತ್ರ ಅಲ್ಲಿ ಮದ್ದಳೆ ಬೀಳುತ್ತಿತ್ತು, ಭಾಗವತರು ಹಾಡುತ್ತಿದ್ದ ಪದ್ಯದ ನಡುವಿನಿಂದ, ಅರ್ಧ ಕತ್ತರಿಸಿದ ಸಾಲಿನಿಂದ. ಇದನ್ನು ಬಿಟ್ಟು ಐದು ಆಲ್ಬಂ ಯಾಕೆ ಬೇಕಿತ್ತು ನಿಮಗೆ?

ಉಳಿದ ಮೂರು ಆಲ್ಬಂ ಬಗ್ಗೆ ನಾನೇನೂ ಹೇಳುವುದಿಲ್ಲ, ಅವು ಇದ್ದರೂ ಹೋದರೂ ಒಂದೇ. ಲೆಡ್ ಝೆಪ್ಪೆಲಿನ್ ನಾಲ್ಕನೆಯದನ್ನು ಇಟ್ಟುಕೊಳ್ಳುವುದಾದರೆ, ‘ಫೋರ್ ಸ್ಟಿಕ್ಸ್’ ಹಾಡನ್ನು ಆ ತಂಡದ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ ಇಬ್ಬರೂ 1972ರಲ್ಲಿ ಈ ಮುಂಬಯಿಗೇ ಬಂದು, ಇಲ್ಲಿನ ವಾದ್ಯಗಾರರನ್ನು ಕೂರಿಸಿಕೊಂಡು ಮತ್ತೊಮ್ಮೆ ಮುದ್ರಿಸಿದ್ದರು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. ಮಾಹಿತಿ ಹಾಕಲೇಬೇಕೆಂಬ ಚಪಲವಿದ್ದರೆ ಇಂಥದ್ದು ಹಾಕಿ, ಲೋಕಲ್ ಟಿಕೆಟಿನ ದೂರದಲ್ಲಿರುವುದು. ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದ್ದಕ್ಕೆ ನೀವು ಬರೆದ ಶೋಕಗೀತೆಯನ್ನು ಕೈಬಿಡಿ. ಆ ಅಂಗಡಿಗೆ ಅಳುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮಪ್ಪನ ಕ್ಯಾಸೆಟ್ಟಿಗೆ ನೀವೊಬ್ಬರೇ.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿರಸ್ಕರಿಸಿಲ್ಲ. ಕಂಸದೊಳಗಿನದನ್ನು ಹೊರಗೆ ತಂದು ಹೊಸದಾಗಿ ಬರೆಯಿರಿ. ಗಣೇಶೋತ್ಸವದ ಸಂಚಿಕೆ ಕಟ್ಟಿಯಾಗಿದೆ, ದೀಪಾವಳಿ ವಿಶೇಷಾಂಕಕ್ಕೆ ಎರಡು ತಿಂಗಳು ಉಂಟು. ಅಪ್ಪನಿಗೆ ಗೊತ್ತಾಯಿತೇ, ಗೊತ್ತಾದಾಗ ಏನಂದರು, ಅಥವಾ ಏನೂ ಅನ್ನದೆ ಕ್ಯಾಸೆಟ್ಟನ್ನು ಅದರ ಜಾಗದಲ್ಲೇ ಇಟ್ಟರೇ, ಇದು ಸಂಪಾದಕನ ಪ್ರಶ್ನೆಯಲ್ಲ, ನನಗೇ ತಿಳಿಯಬೇಕು.

ಮತ್ತೆ, ಕ್ಯಾಸೆಟ್ ಇನ್ನೂ ಇದ್ದರೆ ಒಮ್ಮೆ ಕಚೇರಿಗೆ ತನ್ನಿ. ಇಲ್ಲೊಂದು ಹಳೆಯ ಟೇಪ್ ರೆಕಾರ್ಡರ್ ಇದೆ, ಹಿಂದಕ್ಕೆ ಓಡಿಸುವ ಬಟನ್ ಕೆಟ್ಟಿದೆ, ಉಳಿದದ್ದು ನಡೆಯುತ್ತದೆ. ಯಾವ ಪ್ರಸಂಗ, ಯಾರ ದನಿ ಎಂದು ನಾಲ್ಕು ಸಾಲು ಕೇಳಿದರೆ ನಾನು ಗುರುತು ಹಿಡಿದೇನು. ಶನಿವಾರ ಮಾತ್ರ ಬೇಡ, ಸಂಜೆ ನನಗೂ ಪೂಜೆ ಇರುತ್ತದೆ.

ಇತಿ,
ಸಂಪಾದಕ