ಆರು ಜನಕ್ಕೆ ಒಂದೇ ಬೀಗ

ಹರಿಹರದ ಓದುಗರೊಬ್ಬರು ಬರೆದಿದ್ದಾರೆ: "ನಾನು ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್. ನಮ್ಮಲ್ಲಿ ಕಾಯಂ ನೌಕರರು 40, ಗುತ್ತಿಗೆಯವರು 110. ಎರಡು ಮೂರು ತಿಂಗಳಿಗೆ ಹುಡುಗರು ಬದಲಾಗುತ್ತಾರೆ. ಗೇಟಿನಲ್ಲಿ ಅರ್ಧ ಗಂಟೆ ವಿಡಿಯೊ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ, ಅಷ್ಟೇ. ಯಾರಿಗಾದರೂ ಏಟಾದರೆ 'ಅದು ಕಂಟ್ರಾಕ್ಟರ್ ತಲೆನೋವು' ಅನ್ನುತ್ತಾರೆ ನಮ್ಮ ಮ್ಯಾನೇಜರ್. ಇವತ್ತು ಕಲಿಸಿದವನು ನಾಳೆ ಇರುವುದಿಲ್ಲ. ಎಷ್ಟು ಸಲ ಅಂತ ಕಲಿಸೋದು?"

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೊಸಬರು ಬಂದಷ್ಟು ಸಲ ಕಲಿಸಬೇಕು. ಬೇಸರವಾಗುತ್ತದೆ, ಗೊತ್ತು. ನಿಮಗೆ ಅದು ನೂರನೇ ಸಲ ಇರಬಹುದು, ಆ ಹುಡುಗನಿಗೆ ಮೊದಲನೇ ಸಲ ಅಲ್ವಾ?

ಮ್ಯಾನೇಜರ್ ಮಾತು ಮಾತ್ರ ಪೂರ್ತಿ ತಪ್ಪು. 1948ರ ಕಾರ್ಖಾನೆ ಕಾಯ್ದೆಯಲ್ಲಿ 'ಕೆಲಸಗಾರ' ಎಂದರೆ ಯಾರು ಅಂತ ಹೇಳುವ ಕಡೆ, 1976ರ ತಿದ್ದುಪಡಿಯಲ್ಲೇ, ಗುತ್ತಿಗೆದಾರನ ಮೂಲಕ ಬಂದವನನ್ನೂ ಸೇರಿಸಿದ್ದರು, ಮಾಲೀಕರಿಗೆ ಗೊತ್ತಿದ್ದು ಬಂದಿರಲಿ, ಗೊತ್ತಿಲ್ಲದೆ ಬಂದಿರಲಿ. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಸುರಕ್ಷತೆಯ ತರಬೇತಿ ಕೆಲಸಗಾರನ ಹಕ್ಕು ಎಂದೂ ಸೇರಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆ ಬಂದಿದೆ. ಅದೂ ಆವರಣದೊಳಗಿರುವ ಎಲ್ಲರ ಸುರಕ್ಷತೆಯ ಹೊಣೆಯನ್ನು ಮಾಲೀಕರ ಮೇಲೇ ಹಾಕುತ್ತದೆ.

ಪತ್ರಿಕೆಗೆ ಬರುವ ಮೊದಲು ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. ಅಲ್ಲೊಂದು ದೊಡ್ಡ ಮಿಕ್ಸರ್. ಒಳಗೆ ಅಂಟಿಕೊಂಡಿದ್ದನ್ನು ಕೆರೆಯಲು ಇಳಿಯುತ್ತಿದ್ದವರು ಗುತ್ತಿಗೆ ಹುಡುಗರು. ಕರೆಂಟ್ ತೆಗೆದು, ಸ್ವಿಚ್ಚಿನ ಹಿಡಿಗೆ ಬೀಗ ಹಾಕಿ, ಕೀ ಜೇಬಿಗಿಟ್ಟುಕೊಂಡು ಇಳಿಯಬೇಕು. ಒಬ್ಬೊಬ್ಬನದೂ ಒಂದೊಂದು ಬೀಗ ಇರಬೇಕು. ಕಾಯಂ ಫಿಟರ್‌ಗಳಿಗೆ ಹೆಸರು ಬರೆದ ಕೆಂಪು ಬೀಗ ಇತ್ತು. ಗುತ್ತಿಗೆಯ ಆರು ಜನಕ್ಕೆ ಒಂದೇ ಬೀಗ, ಕೀ ಮೇಸ್ತ್ರಿ ಹತ್ತಿರ. 'ಬೀಗ 1' ಅಂತ ರಿಜಿಸ್ಟರ್‌ನಲ್ಲಿ ಬರೆದು ಕೊಡುತ್ತಿದ್ದವನು ನಾನೇ. ಒಂದು ಸಂಜೆ ಕೆಲಸ ಮುಗಿಸಿ ಎಲ್ಲರೂ ಮೇಲೆ ಬಂದರು, ಮೇಸ್ತ್ರಿ ಬೀಗ ತೆಗೆದ. ಒಬ್ಬ ಹುಡುಗ ಒಳಗೆ ಬಿಟ್ಟಿದ್ದ ಉಳಿ ತೆಗೆಯಲು ಮತ್ತೆ ಕೈ ಹಾಕಿದ್ದ. ಮಿಕ್ಸರ್ ತಿರುಗಿತು, ಎರಡು ಬೆರಳು ಹೋದವು. ಒಡಿಶಾದವನು. ತರಬೇತಿ ಕೊಟ್ಟಿದ್ದೀರಾ ಎಂದು ವಿಚಾರಣೆಯಲ್ಲಿ ಕೇಳಿದಾಗ ಅವನ ಸಹಿ ಇದ್ದ ಕಾಗದ ತೋರಿಸಿದರು. ಕಾಗದ ಕನ್ನಡದಲ್ಲಿತ್ತು.

ಅದಕ್ಕೇ ಹೇಳುತ್ತೇನೆ, ಸಹಿ ನೋಡಬೇಡಿ, ಕೈ ನೋಡಿ. 'ಈ ಮಷೀನ್ ನಿಲ್ಲಿಸಿ ತೋರಿಸು, ಬೀಗ ಹಾಕಿ ತೋರಿಸು' ಅನ್ನಿ. ಮಾಡಿ ತೋರಿಸಿದರೆ ಮಾತ್ರ ಕಲಿತ ಹಾಗೆ. ಭಾಷೆ ತೊಡಕಾದರೆ ಅವನ ಊರಿನ ಕಡೆಯವನೇ, ಆರು ತಿಂಗಳು ಹಳಬ, ಒಬ್ಬ ಇದ್ದೇ ಇರುತ್ತಾನೆ. ಅವನನ್ನೇ ಜೊತೆಗೆ ಹಾಕಿ, ಕಲಿಸಿದ ಹೊತ್ತಿಗೂ ಕೂಲಿ ಕೊಡಿಸಿ. ಮೊದಲ ತಿಂಗಳು ಹೊಸಬರಿಗೆ ಬೇರೆ ಬಣ್ಣದ ಹೆಲ್ಮೆಟ್ ಹಾಕಿಸಿ. ಆ ಬಣ್ಣದವರನ್ನು ಟ್ಯಾಂಕಿಗೆ, ಎತ್ತರಕ್ಕೆ ಯಾರೂ ಕಳಿಸಬಾರದು.

ಟ್ಯಾಂಕಿನ ವಿಷಯ ಜಾಸ್ತಿ ಒತ್ತಿ ಹೇಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9. ಟ್ಯಾಂಕಿನೊಳಗೆ ಅದು 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಲೇಬಾರದು. ಮೂಗಿಗೆ ಇದು ಗೊತ್ತಾಗುವುದಿಲ್ಲ, ಮೀಟರ್ ಬೇಕು. ಇಳಿಯುವ ಹುಡುಗನೇ ಆ ಅಂಕಿ ನೋಡಲಿ. ಒಳಗೆ ಒಬ್ಬ ಕುಸಿದರೆ 'ಅಯ್ಯೋ' ಅಂತ ಇನ್ನೊಬ್ಬ ಹಾರುತ್ತಾನೆ, ಅವನೂ ಹೋಗುತ್ತಾನೆ. ಹೊರಗೆ ನಿಂತವನು ಹಗ್ಗದಿಂದ ಎಳೆಯಬೇಕು, ಇಳಿಯಬಾರದು. ಇದನ್ನು ಪ್ರತಿ ಸಲವೂ ಹೇಳಿ.

ಕಂಟ್ರಾಕ್ಟರ್‌ನನ್ನೂ ಬರೀ ಬೈದರೆ ಆಗದು. ಕಡಿಮೆ ರೇಟಿಗೆ ಕೆಲಸ ಕೊಟ್ಟರೆ ಅವನು ಮೊದಲು ಉಳಿಸುವುದು ಶೂ, ಸೇಫ್ಟಿ ಬೆಲ್ಟಿನ ದುಡ್ಡು. ಶೂ, ಬೆಲ್ಟ್, ತರಬೇತಿಯ ಖರ್ಚನ್ನು ಟೆಂಡರಿನಲ್ಲಿ ಬೇರೆಯೇ ಇಡಿ, ಅದರಲ್ಲಿ ಚೌಕಾಸಿ ಬೇಡ ಎಂದು ನಿಮ್ಮ ಪರ್ಚೇಸ್‌ನವರಿಗೆ ಹೇಳಿ.

ಇನ್ನು ನಾಳೆಯೇ ಮಾಡಬೇಕಾದ ಕೆಲಸ ಒಂದಿದೆ. 110 ಜನರಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರೆಲ್ಲರಿಗೂ ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ನಂಬರ್ ಇದೆಯಾ ನೋಡಿ. ಕೆಲಸದಲ್ಲಿ ಏಟಾದರೆ ಸೇರಿದ ಮೊದಲ ದಿನದಿಂದಲೇ ಅದರ ರಕ್ಷಣೆ ಸಿಗುತ್ತದೆ. ಗುತ್ತಿಗೆಯವರ ವಂತಿಗೆಯನ್ನೂ ಮೊದಲು ಕಟ್ಟಬೇಕಾದವರು ನಿಮ್ಮ ಕಂಪನಿಯವರೇ, ಆಮೇಲೆ ಕಂಟ್ರಾಕ್ಟರ್ ಹತ್ತಿರ ವಸೂಲಿ ಮಾಡಿಕೊಳ್ಳಲಿ. ನಂಬರ್ ಇಲ್ಲದವರ ಪಟ್ಟಿ ಮಾಡಿ ಮ್ಯಾನೇಜರ್ ಕೈಗೆ ಕೊಡಿ, ತಲುಪಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಏನಂದರು ಅಂತ ನಮಗೂ ಬರೆಯಿರಿ.

– ಸಂಪಾದಕ